ಟಾಕೀಸಿನ ಹೊರಗೆ ಕುಳಿತ ಮಾವಶಿ

ಮಳೆಗಾಲ ಮುಗಿದ ಮೇಲೆ ಹೊಲಿಗೆ ಯಂತ್ರದ ಧೂಳು ಒರೆಸಿ ಎಣ್ಣೆ ಬಿಡುವುದು ನನ್ನ ರೂಢಿ. ಮೊನ್ನೆಯೂ ಹಾಗೆ ಎಣ್ಣೆ ಬಿಟ್ಟು ಚಕ್ರ ತಿರುಗಿಸುತ್ತಿದ್ದೆ. ಪಕ್ಕದಲ್ಲಿಟ್ಟ ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ನಮ್ಮ ಸಿನಿಮಾ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಕದನ ಶುರುವಾಗಿತ್ತು. ನಾವೆಲ್ಲ ವರ್ಷಗಟ್ಟಲೆ ಹಚ್ಚಿಕೊಂಡಿರುವ ಬಾಹ್ಯಾಕಾಶದ ಸರಣಿಯ ಮುಂದಿನ ಚಿತ್ರವನ್ನು ಹೊಸ ನಿರ್ದೇಶಕನ ಕೈಗೆ ಕೊಟ್ಟಿದ್ದಾರಂತೆ. ಇವನಿಗೇನು ತಿಳಿಯುತ್ತದೆ, ಹಿಂದಿನವನೇ ಇರಬೇಕಿತ್ತು ಎಂದು ಎಲ್ಲರ ಗೋಳು. ಆ ಹಿಂದಿನವನು ಬಂದಾಗ ಇದೇ ಮಂದಿ ಅವನ ಜನ್ಮ ಜಾಲಾಡಿದ್ದರು! ನನಗೆ ನಗು ಬಂತು. ಆದರೆ ಎಣ್ಣೆಯ ವಾಸನೆಯೂ ಈ ಜಗಳವೂ ಒಟ್ಟಿಗೆ ಬಂದದ್ದರಿಂದ ಮಾವಶಿ ನೆನಪಾದಳು... ನಗು ಅಲ್ಲಿಗೇ ನಿಂತಿತು.

ಮಾವಶಿ ಎಂದರೆ ನಮ್ಮ ಕಡೆ ತಾಯಿಯ ತಂಗಿ. ಈಕೆಗೂ ನಮಗೂ ರಕ್ತಸಂಬಂಧವೇನೂ ಇರಲಿಲ್ಲ. ಬಸವಕಲ್ಯಾಣದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ತವರು ಮೋರಖಂಡಿ. ಗಂಡ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇದ್ದದ್ದಕ್ಕಿಂತ ಸೋಲಾಪುರದ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಮಕ್ಕಳಿರಲಿಲ್ಲ. ಬಾಗಿಲ ಪಕ್ಕದಲ್ಲಿ ಯಂತ್ರ ಹಾಕಿಕೊಂಡು ಓಣಿಯವರ ಬ್ಲೌಸು ಹೊಲಿಯುತ್ತಿದ್ದಳು. ನನಗೆ ಹೊಲಿಗೆ ಕಲಿಸಿದವಳೂ ಅವಳೇ. ಎದುರಿಗೆ ಟಿವಿ ಸದಾ ಓಡುತ್ತಿರಬೇಕು, ಆದರೆ ಧಾರಾವಾಹಿ ಎಂದರೆ ಅವಳಿಗೆ ಮೈಯುರಿ.

"ಅತ್ತಿ ಸೊಸಿ ಜಗಳ ನೋಡಾಕ ಟಿವಿ ಯಾಕ ಬೇಕು? ಬಾಗಲಾ ತಗದ್ರ ಸಾಕು" ಎನ್ನುತ್ತಿದ್ದಳು.

ಅವಳು ನೋಡುತ್ತಿದ್ದದ್ದು ಹಿಂದಿಗೆ ಡಬ್ ಆದ ಬಾಹ್ಯಾಕಾಶದ ಸಿನಿಮಾ. ಅದರಲ್ಲೂ ಈ ಸರಣಿ ಎಂದರೆ ಪ್ರಾಣ. ಹಾಳಾಗಿಹೋದ ಒಂದು ಗ್ರಹದ ಮಂದಿ ಹಳೆಯ ನೌಕೆಯೊಂದರಲ್ಲಿ ಕುಳಿತು ನೆಲೆ ಹುಡುಕುತ್ತ ಅಲೆಯುವ ಕತೆ ಅದು. ನೌಕೆಯಲ್ಲಿ ಒಂದು ಮುದಿ ಯಂತ್ರಮಾನವ ಇತ್ತು, ಒಂದು ಕಾಲು ಎಳೆದುಕೊಂಡು ಓಡಾಡುತ್ತಿತ್ತು. ಮಾವಶಿ ಅದಕ್ಕೆ ಲಂಗಡ್ಯಾ ಎಂದು ಹೆಸರಿಟ್ಟಿದ್ದಳು. ಮೊದಲಿನ ನಿರ್ದೇಶಕ ನಿಧಾನದ ಮನುಷ್ಯ. ಅವನ ಚಿತ್ರಗಳಲ್ಲಿ ಹೊಡೆದಾಟಕ್ಕಿಂತ ಆ ಮಂದಿ ಅಡುಗೆ ಮಾಡುವುದು, ನೀರಿಗಾಗಿ ಜಗಳಾಡುವುದು, ಬೇನೆ ಬಿದ್ದವರ ಹತ್ತಿರ ಕೂರುವುದು, ಇಂಥವೇ ಜಾಸ್ತಿ. ನನಗೆ ಆಕಳಿಕೆ ಬರುತ್ತಿತ್ತು. ಮಾವಶಿ ಮಾತ್ರ ಯಂತ್ರ ನಿಲ್ಲಿಸಿ, ಸೂಜಿಯ ಮೇಲೆ ಬೆರಳಿಟ್ಟುಕೊಂಡೇ ನೋಡುತ್ತಿದ್ದಳು.

ಕಾಲೇಜಿಗೆ ಹೋಗುವಾಗ ನಾನು ಆ ಅಭಿಮಾನಿಗಳ ಗುಂಪು ಸೇರಿದೆ. ಅಲ್ಲಿಯವರು ಪುಟಗಟ್ಟಲೆ ಬರೆದು ವಾದಿಸುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ, ಮಾವಶಿ ನನ್ನ ಫೋನು ಕಸಿದುಕೊಂಡು ದನಿಯಲ್ಲೇ ಉತ್ತರ ಕಳಿಸುತ್ತಿದ್ದಳು. ಹಿಂದೆ ಯಂತ್ರದ ಕಟಕಟ, ಮುಂದೆ ಅವಳ ಬೈಗುಳ. ಎಲ್ಲೆಲ್ಲಿಯೋ ಇದ್ದ ಹುಡುಗರು ಅವಳ ದನಿಗಾಗಿ ಕಾಯತೊಡಗಿದರು. ಮಾವಶಿ ಏನಂತಾರೆ ಎಂದು ಕೇಳದೆ ಯಾವ ವಾದವೂ ಅಲ್ಲಿ ಮುಗಿಯುತ್ತಿರಲಿಲ್ಲ.

ಹೀಗಿರುವಾಗ ಆ ಸುದ್ದಿ ಬಂತು. ಹಳೆಯ ನಿರ್ದೇಶಕನನ್ನು ಬಿಟ್ಟು, ಬರೀ ಹೊಡೆದಾಟದ ಚಿತ್ರ ಮಾಡಿದ ಹೊಸಬನೊಬ್ಬನಿಗೆ ಸರಣಿ ಒಪ್ಪಿಸಿದ್ದರು. ಗುಂಪು ಎರಡು ಹೋಳಾಯಿತು. ನಾನು ಹೊಸಬನ ಕಡೆ. ಸ್ವಲ್ಪ ಚುರುಕಾದರೂ ಆಗಲಿ ಎಂಬುದು ನನ್ನ ವಾದ. ಮಾವಶಿ ಕೆಂಡವಾದಳು.

"ಅಂವ ಲಂಗಡ್ಯಾಗ ಮೊದಲ ಕೊಲ್ತಾನ ನೋಡು. ಕುಂಟ್ಕೊಂತ ನಡೆಯೋರ ಸಂಗಾಟ ನಡೆಯೋ ತಾಳ್ಮಿ ಇರಂಗಿಲ್ಲ ಇಂಥೋರಿಗೆ."

ನಾನೂ ಸುಮ್ಮನಿರಲಿಲ್ಲ. ಸಿನಿಮಾ ಬಂದ ದಿನ ನೀನೇ ಮೊದಲು ಓಡುತ್ತಿ ಎಂದು ಛೇಡಿಸಿದೆ. ಅವಳು ಧಡಕ್ಕನೆ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ಆಣಿ, ಆ ಹೊಸಾವನ ಸಿನಿಮಾ ನಾ ನೋಡಂಗಿಲ್ಲ!"

ನಾನು ನಕ್ಕೆ. ಅವಳ ಮುಖ ಮಾತ್ರ ಆಗಲೇ ಇಳಿದಿತ್ತು. ತಲೆ ಮುಟ್ಟಿ ಆಣೆ ಇಟ್ಟರೆ, ಅದನ್ನು ಮುರಿದವರಿಗಲ್ಲ, ಆ ತಲೆಯವರಿಗೆ ಕೇಡು ಎಂಬುದು ನಮ್ಮಲ್ಲಿಯ ನಂಬಿಕೆ. ಮಾವಶಿ ತನ್ನ ಅಂಗೈಯನ್ನೇ ನೋಡಿಕೊಂಡು ಯಂತ್ರದ ಮುಂದೆ ಹೋಗಿ ಕುಳಿತಳು.

ಚಿತ್ರ ತಯಾರಾಗಿ ಬರುವಷ್ಟರಲ್ಲಿ ನನ್ನ ಮದುವೆಯಾಗಿತ್ತು. ಹುಮನಾಬಾದಿನಲ್ಲಿ ಸಂಸಾರ ಹೂಡಿದ್ದೆ, ಬಸುರಿಯೂ ಆಗಿದ್ದೆ. ಹೆರಿಗೆಗೆ ಮೊದಲು ನೋಡಿ ಹೋಗುತ್ತೇನೆಂದು ಮಾವಶಿ ಬಂದಳು. ಅದೇ ವಾರ ಟಾಕೀಸಿನಲ್ಲಿ ಆ ಸಿನಿಮಾ ಹಾಕಿದ್ದರು. ಹಟ ಹಿಡಿದು ಅವಳನ್ನು ಅಲ್ಲಿಯವರೆಗೂ ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಪೋಸ್ಟರನ್ನು ಅವಳು ಎಷ್ಟೋ ಹೊತ್ತು ನೋಡಿದಳು. ಮೂಲೆಯಲ್ಲಿ ಲಂಗಡ್ಯಾ ಇದ್ದಾನೋ ಇಲ್ಲವೋ ಎಂದು ಹುಡುಕುತ್ತಿದ್ದಳು ಎಂಬುದು ನನಗೆ ಗೊತ್ತು. ನೋಡುವ ಆಸೆ ಅವಳ ಕಣ್ಣಲ್ಲೇ ಇತ್ತು.

"ಆಣಿ ಬಿಟ್ಟೇನಿ ಮಾವಶಿ, ಬಾ ಒಳಗ" ಎಂದೆ. ಯಾರ ಮೇಲೆ ಆಣೆ ಇಟ್ಟಿದೆಯೋ ಅವರೇ ಬಾಯಿಬಿಟ್ಟು "ಬಿಟ್ಟೆ" ಎಂದರೆ ಮುಗಿಯಿತು, ಅದೂ ನಮ್ಮಲ್ಲಿ ಉಂಟು.

ಮಾವಶಿ ನನ್ನ ಹೊಟ್ಟೆಯ ಕಡೆ ನೋಡಿದಳು. "ನಿನ್ನ ತಲಿಂದು ನೀ ಬಿಟ್ಟಿ, ಛಲೋ ಆಯ್ತು. ಹೊಟ್ಟ್ಯಾಗಿಂದು ಯಾರು ಬಿಡಬೇಕು? ಈಗ ಎರಡು ಜೀವ ಅದ. ಅದು ಹುಟ್ಟಿ, ಮಾತು ಕಲಿತು, ತನ್ನ ಬಾಯಿಲೆ ಬಿಟ್ಟೆ ಅನ್ನಲಿ. ಆಗ ಇಬ್ಬರೂ ಕೂಡಿ ನೋಡೋಣು."

ಎಷ್ಟು ಹೇಳಿದರೂ ಕೇಳಲಿಲ್ಲ. ನೀ ಹೋಗು ಎಂದು ನನ್ನನ್ನು ಒಳಗೆ ದಬ್ಬಿದಳು. ಸಿಟ್ಟಿನಲ್ಲಿ ನಾನೂ ಹೋದೆ. ಮಧ್ಯಂತರದಲ್ಲಿ ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಕುಳಿತು ನನಗಾಗಿ ಶೇಂಗಾ ಸುಲಿದು ಸೆರಗಿನಲ್ಲಿ ಕೂಡಿಸಿಟ್ಟಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಎರಡೂ ಕಿವಿ ಮುಚ್ಚಿಕೊಂಡಳು. "ಏನೂ ಹೇಳಬ್ಯಾಡ ಪೋರಿ! ನಾನ ನೋಡ್ತೀನಿ."

ಮದುವೆಯಾಗಿ ಹೊರಟಾಗ ನನ್ನ ಹಳೆಯ ಫೋನನ್ನು ಅವಳಿಗೇ ಬಿಟ್ಟುಬಂದಿದ್ದೆ. ಅಂದಿನಿಂದ ಅವಳು ಅದರಿಂದ ಗುಂಪಿಗೆ ದನಿ ಕಳಿಸುವುದನ್ನೇ ಬಿಟ್ಟಳು. ಯಾರಾದರೂ ಕತೆ ಹೇಳಿಬಿಟ್ಟರೆ ಎಂಬ ಹೆದರಿಕೆ. ಹುಡುಗರು ಮಾವಶಿ ಎಲ್ಲಿ ಎಂದು ಕೆಲವು ದಿನ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು...

ಮಗಳು ಹುಟ್ಟಿದಳು. ಆದರೆ ಅವಳಿಗೆ ಮಾತು ತಡ. ಓರಗೆಯ ಮಕ್ಕಳೆಲ್ಲ ಪಟಪಟ ಹರಟುವಾಗ ಇವಳು ಬೆರಳು ತೋರಿಸಿ ಕೆಲಸ ಸಾಗಿಸುತ್ತಿದ್ದಳು. ಮಾವಶಿ ಫೋನು ಮಾಡಿದಾಗಲೆಲ್ಲ ಊಟ ಆಯಿತೇ ಎನ್ನುವ ಮೊದಲು "ಮಾತಾಡಿತೇನು?" ಎನ್ನುತ್ತಿದ್ದಳು. ಅಷ್ಟರಲ್ಲಿ ಆ ಸಿನಿಮಾ ಫೋನಿನಲ್ಲೇ ಸಿಗುತ್ತಿತ್ತು. ಕೈಯಳತೆಯಲ್ಲಿದ್ದರೂ ಅವಳು ಮುಟ್ಟಲಿಲ್ಲ.

ಆಮೇಲೆ ಹೊಟ್ಟೆಯ ಬೇನೆ ಕಾಣಿಸಿಕೊಂಡಿತು. ಸೋಲಾಪುರದ ಆಸ್ಪತ್ರೆಗೆ ಒಯ್ದರು, ಅಲ್ಲಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿಬಿಟ್ಟರು. ನಾನು ಮಗಳನ್ನು ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಓಡಿದೆ. ಮಾವಶಿ ಹಾಸಿಗೆಯಲ್ಲಿ ಇದ್ದಳೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದಳು. ಯಂತ್ರದ ಮೇಲೆ ಯಾರದೋ ಅರ್ಧ ಹೊಲಿದ ಬ್ಲೌಸು ಇತ್ತು. ನಾನು ಮಗಳನ್ನು ಅವಳ ಮುಂದೆ ನಿಲ್ಲಿಸಿ, ಬಿಟ್ಟೆ ಅನ್ನು, ಒಂದು ಸಲ ಅನ್ನು ಎಂದು ಗೋಗರೆದೆ. ಮಗಳು ನನ್ನ ಸೀರೆಯಲ್ಲಿ ಮುಖ ಹುದುಗಿಸಿಕೊಂಡಳು.

"ಜುಲುಮಿ ಮಾಡಬ್ಯಾಡ. ಜುಲುಮಿಲೆ ಅನಿಸಿದ್ದು ನಡೆಯಂಗಿಲ್ಲ" ಎಂದಳು ಮಾವಶಿ.

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಫೋನಿನಲ್ಲಿ ಸಿನಿಮಾ ಹಚ್ಚಿ ಅವಳ ಮುಂದೆ ಹಿಡಿದೆ. "ನೋಡು ಮಾವಶಿ! ಏನೂ ಆಗಂಗಿಲ್ಲ!"

ಅವಳು ಕಣ್ಣು ಮುಚ್ಚಿಕೊಂಡಳು. ಕೈಯಾಡಿಸುತ್ತ ಮಗಳ ತಲೆ ಹುಡುಕಿ ಸವರಿದಳು. "ಆಗಂಗಿಲ್ಲ ಅಂತ ನನಗೂ ಗೊತ್ತದ. ಆಯ್ತಂದ್ರ...?"

ಅದೇ ವಾರ ಹೋಗಿಬಿಟ್ಟಳು. ಮುಂದೆ ಕೆಲವೇ ತಿಂಗಳಲ್ಲಿ ಮಗಳ ಬಾಯಿ ಬಿಚ್ಚಿತು. ಎಲ್ಲರೂ ಸಂಭ್ರಮಪಟ್ಟರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಆ ಎರಡನೆಯ ನಿರ್ದೇಶಕ ಸಿನಿಮಾವನ್ನು ಕೆಟ್ಟದಾಗಿ ಮಾಡಿರಲಿಲ್ಲ. ಲಂಗಡ್ಯಾನನ್ನು ಕೊಲ್ಲಲಿಲ್ಲ, ಅವನಿಗಾಗಿ ಇಡೀ ನೌಕೆಯನ್ನೇ ನಿಧಾನ ನಡೆಸಿದ. ನಾನು ಗೆದ್ದಿದ್ದೆ. ಮಾವಶಿ ಇದ್ದಿದ್ದರೆ ಒಪ್ಪುತ್ತಿದ್ದಳೋ, ಬೇರೇನಾದರೂ ಕುಂದು ತೆಗೆದು ನನ್ನ ಬಾಯಿ ಮುಚ್ಚಿಸುತ್ತಿದ್ದಳೋ... ನಮ್ಮ ಆ ವಾದ ಮುಗಿಯಲೇ ಇಲ್ಲ. ಅವಳಿಲ್ಲದೆ ಗೆದ್ದು ನನಗೇನು ಸಿಕ್ಕಿತು?

ಮೊನ್ನೆ ಎಣ್ಣೆ ಒರೆಸುತ್ತ ಕುಳಿತ ನನ್ನನ್ನು ಮಗಳು ಯಾಕೆ ಸುಮ್ಮನಾದೆ ಎಂದು ಕೇಳಿದಳು. ಅವಳೀಗ ಶಾಲೆಗೆ ಹೋಗುತ್ತಾಳೆ, ಬಾಯಿ ಮುಚ್ಚುವುದೇ ಇಲ್ಲ. ಮೊದಲ ಸಲ ಇದೆಲ್ಲವನ್ನೂ ಅವಳಿಗೆ ಹೇಳಿದೆ. ಕೇಳಿ ಮುಗಿಸಿದವಳೇ ಬಾಗಿಲಿಗೆ ಓಡಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಬಿಟ್ಟೇನಿ ಮಾವಶೀ! ಈಗ ನೋಡು!"

ತಿರುಗಿ ಬಂದು ನನ್ನ ಮುಖ ಕಂಡು ಗಾಬರಿಯಾದಳು. "ತಪ್ಪು ಅಂದ್ನೇನವ್ವಾ?"

"ಇಲ್ಲವ್ವ, ಬರೋಬ್ಬರಿ ಅಂದಿ" ಎಂದೆ. "ಸ್ವಲ್ಪ ತಡಾ ಆಯ್ತು, ಅಷ್ಟ."