ಕಳಕಮ್ಮನ ಬಲಗೈ ಮತ್ತು ಹತ್ತು ಗಂಟೆಯ ಬಿಸಿಲು

ಕುಷ್ಟಗಿಯ ನೇಕಾರರ ಓಣಿಯಲ್ಲಿ ಯಾರ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದೆಳೆಗಳ ಸುರುಳಿ, ಬಂದರೂ ಮೊದಲು ಕರೆ ಹೋಗುತ್ತಿದ್ದುದು ಕಳಕಮ್ಮನ ಮನೆಗೆ. ಮುಗಿಯುತ್ತ ಬಂದ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಎರಡೆಳೆ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಹೊಸೆದರೆ ಮುಗಿಯಿತು. ಇಂಥ ನಾಲ್ಕು ಸಾವಿರ ಎಳೆಗಳನ್ನು ಅವಳು ಎರಡು ದಿನದಲ್ಲಿ ಕೂಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ಕೊಟ್ರೇಶನನ್ನು ಬೆಳೆಸಿದ್ದು ಈ ಕೆಲಸವೇ.

೨೦೧೪ರ ಕಾರ್ತಿಕ ಮಾಸದಲ್ಲಿ ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿಂದ ಮೇಲೇಳುವಾಗ ಅವಳ ಕಾಲು ಜಾರಿತು. ಬಲಗೈ ಊರಿದಳು. ಬಿದ್ದದ್ದು ಮೊಳದೆತ್ತರದಿಂದಲೂ ಅಲ್ಲ. ಅಷ್ಟಕ್ಕೇ ಮಣಿಕಟ್ಟಿನ ಎಲುಬು ಮುರಿಯಿತು. ಆಗ ಅವಳಿಗೆ ಅರವತ್ತಾರು ವರ್ಷ.

ಮನೆಯವರು ಅಕ್ಕರೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಒಣ ಗಾಳಿ, ಬಿಸಿಲು ತಾಗಿದರೆ ಹಾಸು ಗರಿಗರಿಯಾಗಿ ಎಳೆ ಹರಿಯುತ್ತದೆಂದು ನೇಕಾರರು ಮಗ್ಗದ ಮನೆಯ ಕಿಟಕಿ ತೆರೆಯುವುದಿಲ್ಲ. ಮುರಿದ ಎಲುಬನ್ನೂ ಅವರು ಹಾಗೆಯೇ ಕಾಯ್ದರು. ಪ್ಲಾಸ್ಟರ್ ಹಾಕಿಸಿ ತಂದು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಚೀಲ ಕಟ್ಟಿ, ಗಂಜಿ ಕುಡಿಸಿ, ಏಳಗೊಡದೆ ನೋಡಿಕೊಂಡರು. ಆ ಚಳಿಗಾಲದಲ್ಲಿ ಎರಡು ಸಲ ಜ್ವರ ಬಂತು. ಕೆಮ್ಮು ಎದೆಗಿಳಿಯಿತು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರೆ ಎಲುಬು ಸರಿಯಾಗಿ ಕೂಡಿರಲಿಲ್ಲ. ಹೆಬ್ಬೆರಳಿಗೆ ಒಂದು ಎಳೆ ಹಿಡಿಯುವ ತ್ರಾಣವಿರಲಿಲ್ಲ.

ಅದೇ ವಾರ ಪಕ್ಕದ ಮನೆಯ ಹೊಳಿಯಪ್ಪನ ಹಾಸು ಕೆಚ್ಚಲು ಬೇರೆ ಊರಿನಿಂದ ಹೆಂಗಸೊಬ್ಬಳು ಬಂದಳು. ಕಳಕಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಕೂಳಿಗೇನೂ ಕೊರತೆಯಿರಲಿಲ್ಲ. ಈ ಕೈ ಹೋದರೆ ಓಣಿಯಲ್ಲಿ ತನ್ನನ್ನು ಯಾರು ಯಾತಕ್ಕೆ ಕರೆದಾರು ಎಂಬುದೊಂದೇ ಅವಳ ಚಿಂತೆ.

ಜ್ವರದ ಗುಳಿಗೆ ಕೊಡಲು ಬಂದ ನರ್ಸ್ ಮುಮ್ತಾಜಬೇಗಂ ಕಿಟಕಿ ನೋಡಿ ನಿಂತುಬಿಟ್ಟಳು.

“ಇದೇನ್ ಕೊಟ್ರೇಶಣ್ಣ, ನಿಮ್ಮವ್ವನ್ನ ಕಾಳಿನ ಹಗೇವಿನ್ಯಾಗ ಇಟ್ಟೀಯೇನು? ಆಕಿ ಜ್ವಾಳ ಅಲ್ಲಪಾ.”

“ಥಂಡಿ ಹತ್ತತೈತಿ ಅಂತ ಮುಚ್ಚೀವ್ರಿ.”

“ಮುಚ್ಚಿದ್ದು ಸಾಕು. ನಾಳೆ ಕೊಪ್ಪಳಕ್ಕ ಕರ್ಕೊಂಡು ಹೋಗು. ರಕ್ತ ತಪಾಸ ಮಾಡಸು.”

ಕೊಪ್ಪಳದ ಡಾಕ್ಟರು ರಕ್ತ ತಪಾಸಣೆಯ ಕಾಗದ ನೋಡಿ ನಕ್ಕರು. “ಏನವ್ವಾ, ನಿಮ್ಮೂರಾಗ ಬಿಸಿಲಿಗೂ ರೇಷನ್ ಕಾರ್ಡ್ ಮಾಡ್ಯಾರೇನು? ಮೈಯಾಗ ಬಿಸಿಲಿನ ಅಂಶನ ಇಲ್ಲಲ್ಲ.”

“ಐವತ್ತು ವರ್ಷ ಮಗ್ಗದ ಮನ್ಯಾಗ ಕುಂತೀನ್ರಿ ಸಾಹೇಬ್ರ. ಕೈ ಮುರದದ್ದು ಸರಿ, ಕೆಮ್ಮು ಯಾಕ ಬಿಡವಲ್ದು?”

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. “ಎಲುಬು ಅಂದ್ರ ಬರೇ ಕಂಬ ಅಲ್ಲವ್ವಾ. ರೋಗದ ಜೋಡಿ ಬಡದಾಡೋ ಕಣ ಹುಟ್ಟೋದು ಅದರ ಒಳಗಿನ ಮಜ್ಜಿಯಾಗ. ವಯಸ್ಸಾದಂಗ ಎಲುಬೂ ತೆಳ್ಳಗಾಗತೈತಿ, ಆ ಕಣಗಳ ಕಸುವೂ ಇಳೀತೈತಿ. ಮೈಯಾಗ ಬ್ಯಾನಿ ಕುದಕೋಂತ ಉಳದ್ರ ಅದು ಎಲುಬನ್ನ ಮತ್ತ ಸವಸತೈತಿ. ಎರಡೂ ಒಂದ ಮನಿ ಮಕ್ಕಳು. ಬಿಸಿಲು ಎರಡಕ್ಕೂ ಬೇಕು.”

ವಾರಕ್ಕೊಮ್ಮೆ ಹಾಲಿನಲ್ಲಿ ಕಲಸಿ ಕುಡಿಯಲು ಪುಡಿ ಬರೆದುಕೊಟ್ಟರು. ಬೆಳಗಿನ ಹತ್ತರ ಬಿಸಿಲಿಗೆ ಅರ್ಧ ತಾಸು ಕೂಡಬೇಕು, ದಿನಾ ನಡೆಯಬೇಕು, ಬೇಳೆ ಕಾಳು ತಿನ್ನಬೇಕು, ಕೈಗೆ ಕೆಲಸ ಕೊಡಬೇಕು ಎಂದರು.

ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂಡುವುದು ಕಳಕಮ್ಮನಿಗೆ ಪುಡಿ ಕುಡಿಯುವುದಕ್ಕಿಂತ ಕಷ್ಟವಾಯಿತು. ಬೆಳಗಿನ ಹೊತ್ತು ಸುಮ್ಮನೆ ಕೂತ ಹೆಂಗಸನ್ನು ಆ ಓಣಿ ಕಂಡಿರಲಿಲ್ಲ. ನೀರಿಗೆ ಹೋಗುತ್ತಿದ್ದ ಅನ್ನಮ್ಮ ಕೊಡ ಇಳಿಸಿ ಕೇಳಿದಳು:

“ಯಕ್ಕಾ, ಈ ಮಗ್ಗಲ ಒಣಗೇತಿ. ಹೊಳ್ಳಿಸಿ ಹಾಕ್ಲೇನು?”

“ಹಾಕವ್ವಾ. ಕಾಗಿ ಬಂದ್ರ ಓಡಸು.”

ಮರುದಿನದಿಂದ ಅನ್ನಮ್ಮನೂ ಅಕ್ಕಿ ಹಸನು ಮಾಡಲು ಮೊರ ಹಿಡಿದು ಅಲ್ಲಿಗೇ ಬಂದಳು. ಸೊಸೆ ಅಮೃತಾ ದಿನಾ ನಾದಿದ ರೊಟ್ಟಿ ಹಿಟ್ಟಿನ ಮುದ್ದೆಯನ್ನು ಅತ್ತೆಯ ಬಲಗೈಗೆ ಕೊಡುವಳು. “ಹಿಚುಕ್ರಿ ಅತ್ತಿ. ನನ್ನ ಮ್ಯಾಲಿನ ಸಿಟ್ಟೆಲ್ಲ ಇದರ ಮ್ಯಾಲೆ ತೀರಿಸ್ಕೋರಿ.” ಮೊದಲು ಹಿಟ್ಟಿನ ಮೇಲೆ ಬೆರಳಿನ ಗುರುತೂ ಮೂಡುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಮುದ್ದೆ ಬೆರಳ ಸಂದಿಯಿಂದ ಹೊರಬಂತು. ಕೆಮ್ಮು ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ.

ಶ್ರಾವಣದಲ್ಲಿ ಹೊಳಿಯಪ್ಪ ಬಾಗಿಲಿಗೆ ಬಂದು ನಿಂತ. “ಚಿಗವ್ವಾ, ಹಾಸು ಬಂದೈತಿ.”

“ಆ ಬ್ಯಾರೆ ಊರಿನಾಕಿನ್ನ ಕರಸಪಾ. ನನಗ ಎರಡು ದಿನದಾಗ ಆಗೂದಿಲ್ಲ.”

“ಎಷ್ಟು ದಿನ ಆಕ್ಕಾವ ಆಗಲಿ. ಆಕಿ ಕೆಚ್ಚತಾಳ, ಮಾತಾಡೂದಿಲ್ಲ. ಬ್ಯಾಸರ.”

ಐದು ದಿನ ಹಿಡಿಯಿತು. ನಡುನಡುವೆ ಕೈ ಸೋತಾಗ ಕಳಕಮ್ಮ ಎದ್ದು ಅಂಗಳದಲ್ಲಿ ನಡೆದು ಬರುವಳು. ಕೊನೆಯ ಎಳೆ ಕೂಡಿಸಿದ ಮೇಲೆ ಹೊಳಿಯಪ್ಪ ಹಾಸನ್ನು ಮೆಲ್ಲಗೆ ಮಗ್ಗದ ಬಾಚಣಿಗೆಯಂಥ ಹಣಿಗೆಯೊಳಗಿಂದ ಎಳೆದ. ಹೊಸೆತ ಸಡಿಲಿದ್ದರೆ ಎಳೆಗಳು ಅಲ್ಲಿಯೇ ಬಿಚ್ಚಿಕೊಳ್ಳುತ್ತವೆ. ಅವಳು ಬಾಗಿ ನೋಡುತ್ತಿದ್ದಳು. ಹಿಂದೆಲ್ಲ ಅವಳು ಕೂಡಿಸಿದ್ದರಲ್ಲಿ ಎರಡು ಎಳೆಗಿಂತ ಹೆಚ್ಚು ಬಿಚ್ಚಿದ್ದಿಲ್ಲ.

“ಹದಿನೇಳು ಬಿಚ್ಯಾವ ಚಿಗವ್ವಾ,” ಎಂದ ಅವನು, ಅಳುಕುತ್ತ.

ಕಳಕಮ್ಮ ಹಾಸಿನ ಮೇಲೆ ಅಂಗೈ ಆಡಿಸಿದಳು. ಈ ಕಡೆಯಿಂದ ಆ ಕಡೆಗೆ ನುಣ್ಣಗೆ, ಬಿಗಿಯಾಗಿ, ಸಾವಿರಾರು ಎಳೆ. ಅವಳ ಕಣ್ಣು ತುಂಬಿತು.

“ಉಳದಾವೆಲ್ಲ ಕೂಡ್ಯಾವಲ್ಲೋ ತಮ್ಮಾ. ದೇವರು ದೊಡ್ಡವ. ಆಚಿಗೆ ಸರಿ, ಆ ಹದಿನೇಳೂ ಕೂಡಿಸಿಬಿಡ್ತೀನಿ.”