ಊದಿ ಆರಿಸಿದ ದೀಪ

ಮೊನ್ನೆ ಮೊಮ್ಮಗಳು ಕೇಕಿನ ಮೇಲಿನ ಮೇಣದಬತ್ತಿ ಊದಿದಾಗ ನನ್ನ ಮೂಗಿಗೆ ಬಂದದ್ದು ಪೆಟ್ರೋಲ್ ವಾಸನೆ.

ನಾನು ಸಣ್ಣವಳಿದ್ದಾಗ ನಾವು ಪಾರ್ಲೆಯ ಚಾಳಿನ ಒಂದು ಕೋಣೆಯಲ್ಲಿದ್ದೆವು. ಅಪ್ಪ ಸೇಠರೊಬ್ಬರ ಕಾರು ಓಡಿಸುತ್ತಿದ್ದ. ಟ್ಯಾಂಕ್ ತುಂಬಿದ್ದರೂ ಕಾರಿನ ಪೆಟ್ರೋಲ್ ಮುಳ್ಳು ಖಾಲಿ ಎಂದೇ ತೋರಿಸುತ್ತಿತ್ತು. ಟ್ಯಾಂಕಿನೊಳಗೆ ತೇಲುತ್ತ ಮುಳ್ಳನ್ನು ಎತ್ತಬೇಕಾದ ಹಿತ್ತಾಳೆ ಡಬ್ಬಿ ತೂತಾಗಿ, ಪೆಟ್ರೋಲ್ ಕುಡಿದು ಮುಳುಗಿತ್ತು. ಅಪ್ಪ ಅದನ್ನು ಬಿಚ್ಚಿ ತಂದು, ಬಾಗಿಲ ಮುಂದಿನ ಗ್ಯಾಲರಿಯ ತುಳಸಿ ಕುಂಡದ ಪಕ್ಕ ಕೂತು, ಒಳಗಿನ ಪೆಟ್ರೋಲನ್ನು ತಾಟಿಗೆ ಬಸಿಯುತ್ತಿದ್ದ.

ದಿನಾ ಸಂಜೆ ತುಳಸಿಗೆ ದೀಪ ಇಡುವುದು ನನ್ನ ಕೆಲಸ. ಹಚ್ಚಿದ ಹಣತೆ ಹಿಡಿದು ಹೊರಗೆ ಬಂದೆ. ಅಪ್ಪ ಗಾಬರಿಯಿಂದ ಏಳುವಾಗ ಕಾಲು ತಾಗಿ ತಾಟು ಮಗುಚಿತು. ಪೆಟ್ರೋಲ್ ಫರಸಿ ನೆಲದ ಮೇಲೆ ನನ್ನ ಬರಿಗಾಲಿನತ್ತ ಹರಿದು ಬಂತು.

“ಅಲ್ಲೇ ನಿಂದರು ಕೂಸ. ದೀಪ ಆರಸು,” ಎಂದ. ಅಪ್ಪನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ದೇವರ ದೀಪವನ್ನು ಬಾಯಿಂದ ಊದಬಾರದು, ಎಂಜಲಾಗುತ್ತದೆ, ಹೂವಿನಿಂದಲೇ ಶಾಂತ ಮಾಡಬೇಕು ಎಂದು ಅಜ್ಜಿ ಕಲಿಸಿದ್ದಳು. ನಾನು ಹೂವಿಗಾಗಿ ಸುತ್ತ ನೋಡುತ್ತಿದ್ದೆ.

ಹಿಂದಿನಿಂದ ಅಜ್ಜಿಯ ಕೈ ನನ್ನ ಹೆಗಲ ಮೇಲೆ ಬಿತ್ತು. ಅವಳು ಬಗ್ಗಿ ಒಂದೇ ಉಸಿರಿಗೆ ದೀಪ ಊದಿಬಿಟ್ಟಳು.

“ಅಂಜಬ್ಯಾಡ. ದೇವರಿಗೆ ನಾ ಹೇಳತೀನಿ,” ಎಂದಳು.

ಮರುದಿನ ಡಬ್ಬಿಗೆ ಬೆಸುಗೆ ಬಿತ್ತು, ಮುಳ್ಳು ಮೇಲೆದ್ದಿತು. ಅಜ್ಜಿ ಮಾತ್ರ ಇಡೀ ದಿನ ಉಪವಾಸವಿದ್ದಳು.

ಮೊನ್ನೆ ಒಂದು ಮೇಣದಬತ್ತಿ ಆರದೆ ಉಳಿಯಿತು. “ಅಜ್ಜಿ, ತುಮ್ ಫೂಂಕೋ ನಾ,” ಎಂದು ನನಗೇ ಊದಲು ಹೇಳಿದಳು ಮೊಮ್ಮಗಳು. ನನ್ನ ಕಣ್ಣು ಆಗಲೇ ಟೇಬಲ್ಲಿನ ಮೇಲೆ ಹೂವು ಹುಡುಕುತ್ತಿತ್ತು.