ಎರಡನೇ ಸಲದ ಚೀಟಿ

ಲಿಫ್ಟ್ ಮೇಷ್ಟ್ರು ತಾವೇ ಮಾಡಿದ ಪರೀಕ್ಷೆಯಲ್ಲಿ ತಾವೇ ಮೂರು ಸಲ ಫೇಲಾದರು. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಕಲಿಸಿದವರಿಗೆ ಕಂಪ್ಯೂಟರು ‘ತಪ್ಪು’ ಎನ್ನುತ್ತಿತ್ತು. ಗುರುವಿಗೇ ತಿರುಮಂತ್ರ!

ಕಂಪನಿ ಈ ವರ್ಷ ತರಬೇತಿಯನ್ನೆಲ್ಲ ಆನ್‌ಲೈನ್ ಮಾಡಿತ್ತು. ಬರೀ ವಿಡಿಯೊ ಇಟ್ಟರೆ ಎಲ್ಲರೂ ತೂಕಡಿಸುತ್ತಾರೆ, ಕೈಗೊಂದು ಕೆಲಸ ಕೊಡಿ ಎಂದು ಹಠ ಹಿಡಿದವರು ಮೇಷ್ಟ್ರೇ. ಹಾಗಾಗಿ ಐದು ಚೀಟಿ: ಮೇನ್ ಆಫ್ ಮಾಡು, ಟೆಸ್ಟರ್ ಹಚ್ಚಿ ನೋಡು, ಮುಚ್ಚಳ ಬಿಚ್ಚು, ಟೆಸ್ಟರ್ ಹಚ್ಚಿ ನೋಡು, ತಂತಿ ಮುಟ್ಟು. ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬರುವ ಇವನ್ನು ಎಳೆದು ಸಾಲಾಗಿ ಇಡಬೇಕು. ಪಾಸಾಗದವರು ಸೋಮವಾರದಿಂದ ಲಿಫ್ಟ್ ಮುಟ್ಟುವಂತಿಲ್ಲ, ಮೇಷ್ಟ್ರೂ ಸೇರಿ.

ಕೋರ್ಸು ನೋಡಿಕೊಳ್ಳುವಾಕೆ ಪಕ್ಕದಲ್ಲಿ ಕುಳಿತು ಅದೇ ಸಾಲು ಜೋಡಿಸಿದಳು. ಕಂಪ್ಯೂಟರು ‘ಸರಿ’ ಎಂದಿತು.

“ನಾನು ಇಟ್ಟ ಹಾಗೇ ಇಟ್ಟೆಯಲ್ಲಮ್ಮ! ಇದಕ್ಕೆ ನನ್ನ ಮುಖ ಕಂಡ್ರೆ ಆಗಲ್ವಾ?”

ಅವಳು ಇನ್ನೊಮ್ಮೆ ಇಟ್ಟಳು. ಈಗ ತಪ್ಪು. ಇಬ್ಬರೂ ಕಣ್ಣುಕಣ್ಣು ಬಿಟ್ಟರು. ಮೇಷ್ಟ್ರು ಕನ್ನಡಕ ಒರೆಸಿದರು, ಮೌಸನ್ನು ತಲೆಕೆಳಗೆ ಮಾಡಿ ನೋಡಿದರು, ವೈರು ಅಲುಗಾಡಿಸಿದರು. ಲಿಫ್ಟಾಗಿದ್ದರೆ ಇಷ್ಟು ಹೊತ್ತಿಗೆ ರೋಗ ಕಂಡುಹಿಡಿದುಬಿಡುತ್ತಿದ್ದರು. ಇದರ ತಲೆಬುಡವೇ ತಿಳಿಯಲಿಲ್ಲ.

ಕೊನೆಗೆ ಅವಳೇ ಹಣೆ ಚಚ್ಚಿಕೊಂಡಳು. “ಟೆಸ್ಟರ್ ಚೀಟಿ ಎರಡಿದೆಯಲ್ಲ ಮೇಷ್ಟ್ರೇ, ನಮ್ಮ ಕಣ್ಣಿಗೆ ಎರಡೂ ಒಂದೇ. ಈ ಕಂಪ್ಯೂಟರು ಮಾತ್ರ, ಒಂದು ಎರಡನೇ ಜಾಗದ್ದು, ಇನ್ನೊಂದು ನಾಲ್ಕನೇ ಜಾಗದ್ದು ಅಂತ ಗುರುತು ಇಟ್ಕೊಂಡಿದೆ. ಅದಲುಬದಲಾದ್ರೆ ತಪ್ಪು ಅನ್ನುತ್ತೆ. ಒಂದನ್ನ ತೆಗೆದುಬಿಡೋಣ.”

“ಯಾವುದನ್ನ?”

“ಎರಡನೇ ಸಲದ್ದು?”

ಮೇಷ್ಟ್ರು ಮೌಸಿನಿಂದ ಕೈ ತೆಗೆದರು. ಅವರ ಅಣ್ಣನೂ ಲಿಫ್ಟ್ ಮೆಕ್ಯಾನಿಕ್. ಎಷ್ಟೋ ವರ್ಷಗಳ ಹಿಂದೆ ಒಂದು ದಿನ, ಅವನು ಮೊದಲು ಟೆಸ್ಟರ್ ಹಚ್ಚಿ ನೋಡಿದಾಗ ಕರೆಂಟ್ ಇರಲಿಲ್ಲ. ಮುಚ್ಚಳ ಬಿಚ್ಚುವಷ್ಟರಲ್ಲಿ ಕೆಳಗೆ ಯಾರೋ ಮೇನ್ ಹಾಕಿದ್ದರು. ತಂತಿ ಮುಟ್ಟಿದ ಅಣ್ಣ ಮತ್ತೆ ಏಳಲಿಲ್ಲ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ತಮ್ಮನಿಗೂ ಇನ್ನೊಮ್ಮೆ ನೋಡೋಣ ಎಂದು ಹೊಳೆದಿರಲಿಲ್ಲ. ಆ ಸಂಕಟ ಇಂದಿಗೂ ಎದೆಯಿಂದ ಇಳಿದಿಲ್ಲ.

“ತೆಗೆಯಲ್ಲಮ್ಮ. ಅದರ ಮಾತು ಬದಲಾಯಿಸ್ತೀನಿ,” ಎಂದು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟಿದರು: ಅಣ್ಣ ನೋಡಲಿಲ್ಲ, ನೀನು ಇನ್ನೊಮ್ಮೆ ನೋಡು. ಈಗ ಎರಡು ಚೀಟಿಯೂ ಬೇರೆ ಬೇರೆಯಾಗಿ ಕಂಡವು. ಮತ್ತೆ ಸಾಲು ಜೋಡಿಸಿದರು. ಸರಿ ಬಂತು.

ಸೋಮವಾರ ಹೊಸ ಮೆಕ್ಯಾನಿಕ್ ಒಬ್ಬಳು ಮುಚ್ಚಳ ಬಿಚ್ಚಿ ಬದಿಗಿಟ್ಟು, ಟೆಸ್ಟರನ್ನು ಮತ್ತೆ ಕೈಗೆತ್ತಿಕೊಂಡಳು.

“ಅದು ಯಾರ ಅಣ್ಣ, ಮೇಷ್ಟ್ರೇ?”

“ಮೊದಲು ನೋಡು,” ಎಂದರು ಮೇಷ್ಟ್ರು, ಟಾರ್ಚನ್ನು ಹತ್ತಿರ ಹಿಡಿದು. “ಆಮೇಲೆ ಹೇಳ್ತೀನಿ.”